ಲೋಕಲ್ ರೈಲಿನ ಕರೆಂಟ್ ಪೆಟ್ಟಿಗೆ ತೆರೆಯುವ ಮುನ್ನ: ಹಂತಹಂತದ ಮಾರ್ಗದರ್ಶಿ

ಕೆಲಸಕ್ಕೆ ಸೇರಿದ ಮೊದಲ ವರ್ಷ. ಡಿಪೋದ ಗುಂಡಿಯಲ್ಲಿ ಇಳಿದು, ಕೋಚಿನ ಅಡಿಯ ಇನ್ವರ್ಟರ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿದ್ದೆ. ಪ್ಯಾಂಟೋ (ಮೇಲಿನ ತಂತಿಯಿಂದ ಕರೆಂಟ್ ಪಡೆಯುವ, ಛಾವಣಿಯ ಮೇಲಿನ ತೋಳು) ಇಳಿಸಿ ಹತ್ತು ನಿಮಿಷವೇ ಕಳೆದಿತ್ತು, ಪೆಟ್ಟಿಗೆಯ ಮೀಟರ್ ಸೊನ್ನೆ ತೋರಿಸುತ್ತಿತ್ತು. ಕೈ ಹಾಕಲು ಹೊರಟವನನ್ನು ಹಿರಿಯ ಫಿಟ್ಟರೊಬ್ಬರು ಭುಜ ಹಿಡಿದು ಹಿಂದಕ್ಕೆಳೆದರು. "ಕೈಗಿಂತ ಮುಂಚೆ ಕಡ್ಡಿ ಇಡಪ್ಪ" ಅಂದವರೇ, ಉಳಿದ ಚಾರ್ಜನ್ನು ಹೊರಹರಿಸುವ ಡಿಸ್ಚಾರ್ಜ್ ಕಡ್ಡಿಯ ತುದಿಯನ್ನು, ಚಾರ್ಜ್ ಕೂಡಿಟ್ಟುಕೊಳ್ಳುವ ಕೆಪಾಸಿಟರಿನ ತಾಮ್ರದ ಪಟ್ಟಿಗೆ ಮುಟ್ಟಿಸಿದರು. ಚಟ್ಟೆಂದು ನೀಲಿ ಕಿಡಿ ಹಾರಿತು. ಪಟ್ಟಿಯ ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಗುಳಿ. ಅದೂ ಕರೆಂಟಿಗೆ ತಡೆ ಒಡ್ಡುವ ರೆಸಿಸ್ಟರ್ ಇದ್ದ ಕಡ್ಡಿ. ಬರಿಯ ತಾಮ್ರ ಮುಟ್ಟಿಸಿದ್ದರೆ ತುದಿಯೇ ಕರಗಿರುತ್ತಿತ್ತು. ಆಮೇಲೆ ಹುಡುಕಿದಾಗ ಗೊತ್ತಾಯಿತು: ಕೆಪಾಸಿಟರನ್ನು ತಾನಾಗಿ ಖಾಲಿ ಮಾಡಬೇಕಿದ್ದ ರೆಸಿಸ್ಟರಿನ ತಂತಿ ಕಡಿದಿತ್ತು. ಮೀಟರನ್ನೂ ಅದೇ ತಂತಿಯ ಆಚೆ ಬದಿಗೆ ಕಟ್ಟಿದ್ದರು. ಸುಳ್ಳು ಹೇಳಿದ್ದಕ್ಕೆ ಮೀಟರನ್ನು ಬೈಯುವ ಹಾಗೂ ಇರಲಿಲ್ಲ, ಅದರ ಪಾಲಿಗೆ ಸೊನ್ನೆಯೇ ನಿಜ.

ಸ್ವಿಚ್, ದೀಪ, ಮೀಟರ್, ಗಡಿಯಾರ, ಇವು ಯಾವುವನ್ನೂ ಕೇಳಿ ಪೆಟ್ಟಿಗೆಯೊಳಗೆ ಕೈ ಹಾಕಬೇಡಿ. ಹೊಸದಾಗಿ ಸೇರಿದ ಎಲೆಕ್ಟ್ರಿಕಲ್ ಫಿಟ್ಟರ್‌ಗಳು, ತರಬೇತಿಯಲ್ಲಿರುವ ಮೋಟಾರ್‌ಮನ್‌ಗಳು (ಲೋಕಲ್ ರೈಲಿನ ಚಾಲಕರು), ಲೋಕಲ್ ರೈಲಿನ ಹೊಟ್ಟೆಯೊಳಗೆ ಏನಿದೆ ಎಂಬ ಕುತೂಹಲ ಇರುವವರು, ಇವರನ್ನೆಲ್ಲ ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಡಿಪೋದಲ್ಲಿ ಲಿಖಿತ ಕಾರ್ಯವಿಧಾನ ಇದ್ದೇ ಇರುತ್ತದೆ. ಎಲ್ಲಿ ಅದಕ್ಕೂ ಇದಕ್ಕೂ ವ್ಯತ್ಯಾಸ ಕಂಡರೂ ಅದೇ ಕೊನೆಯ ಮಾತು.

ಹಂತ 1: ಕರೆಂಟಿನ ದಾರಿ ಬರೆದುಕೊಳ್ಳಿ

ಒಂದು ಹಾಳೆ, ಮೂರು ಬಣ್ಣದ ಪೆನ್ನು. ಡ್ರಾಯಿಂಗ್ ಪುಸ್ತಕ ನೋಡಿ ನಕಲು ಮಾಡಬೇಡಿ. ರೈಲಿನ ಪಕ್ಕ ನಡೆಯುತ್ತ, ಪ್ರತಿ ಪೆಟ್ಟಿಗೆಯ ಹೆಸರು ಓದುತ್ತ ಬರೆಯಿರಿ. ಮೇನ್ ಸಪ್ಲೈಗೆ ಕೆಂಪು, ಮೋಟಾರಿಗೆ ಸಂಬಂಧಪಡದ ಫ್ಯಾನ್, ಕಂಪ್ರೆಸರ್, ಏರ್ ಕಂಡೀಷನರ್ ಮುಂತಾದವಕ್ಕೆ ನೀಲಿ, ಬ್ಯಾಟರಿಯ ಕಂಟ್ರೋಲ್ ಸರ್ಕ್ಯೂಟಿಗೆ ಹಸಿರು.

ಮೊದಲು ನಿಮ್ಮ ಮಾರ್ಗದ ವೋಲ್ಟೇಜ್. ಪಕ್ಕದಲ್ಲಿ ಕರೆಂಟ್ ಹರಿಯುವ ಮೂರನೇ ಹಳಿಯಿಂದ ಓಡುವ ರೈಲುಗಳಿಗೆ ಸಾಮಾನ್ಯವಾಗಿ 750 ವೋಲ್ಟ್ ಡಿಸಿ (ಒಂದೇ ದಿಕ್ಕಿನ ಕರೆಂಟ್). ಮೇಲಿನ ತಂತಿಯಿಂದ ಪಡೆಯುವವಕ್ಕೆ 1500 ಅಥವಾ 3000 ವೋಲ್ಟ್ ಡಿಸಿ, ಇಲ್ಲವೇ 25,000 ವೋಲ್ಟ್ 50 ಹರ್ಟ್ಜ್ ಎಸಿ (ದಿಕ್ಕು ಬದಲಿಸುತ್ತ ಹರಿಯುವ ಕರೆಂಟ್). ಜರ್ಮನಿ, ಸ್ವಿಟ್ಜರ್ಲೆಂಡ್, ಸ್ವೀಡನ್ ಕಡೆ 15,000 ವೋಲ್ಟ್ 16.7 ಹರ್ಟ್ಜ್. ಮುಂಬಯಿಯಲ್ಲಿ 1925ರ ಫೆಬ್ರವರಿ 3ರಂದು ಮೊದಲ ಎಲೆಕ್ಟ್ರಿಕ್ ರೈಲು ಓಡಿದ್ದು 1500 ವೋಲ್ಟ್ ಡಿಸಿಯಲ್ಲಿ. ಅಲ್ಲಿನ ಲೋಕಲ್ ಮಾರ್ಗಗಳು ಪೂರ್ತಿಯಾಗಿ 25,000 ವೋಲ್ಟ್ ಎಸಿಗೆ ಬಂದದ್ದು 2016ರಲ್ಲಿ. ನಡುವಿನ ವರ್ಷಗಳಲ್ಲಿ ಎರಡೂ ಸಪ್ಲೈಯಲ್ಲಿ ಓಡುವ ರೈಲುಗಳಿದ್ದವು. ಅಂಥ ರೈಲಿನ ಹಾಳೆಯಲ್ಲಿ ಕೆಂಪು ದಾರಿ ಎರಡಾಗುತ್ತದೆ. ಇನ್ನೊಂದು ಮಾತು: 1500 ಎಂದು ಬರೆದ ಕಡೆ 1500 ಇರಲೇಬೇಕೆಂದಿಲ್ಲ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರವೇ ಅದು 1000ದಿಂದ 1800ರವರೆಗೆ ಏರಿಳಿಯಬಹುದು, 25,000ದ್ದು 19,000ದಿಂದ 27,500ರವರೆಗೆ.

ಎಸಿ ಸಪ್ಲೈಯ ರೈಲಿನಲ್ಲಿ ದಾರಿ ಹೀಗಿರುತ್ತದೆ: ಪ್ಯಾಂಟೋಗ್ರಾಫ್, ಅಲ್ಲಿಂದ ಸಪ್ಲೈ ಕಡಿಯುವ ವ್ಯಾಕ್ಯೂಮ್ ಸರ್ಕ್ಯೂಟ್ ಬ್ರೇಕರ್, ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಕನ್ವರ್ಟರ್, ಡಿಸಿ ಲಿಂಕಿನ ದೊಡ್ಡ ಕೆಪಾಸಿಟರ್, ಡಿಸಿಯನ್ನು ಮೋಟಾರಿಗೆ ಬೇಕಾದ ಎಸಿ ಮಾಡುವ ಇನ್ವರ್ಟರ್, ಕೊನೆಗೆ ಮೋಟಾರ್. ಡಿಸಿ ರೈಲಿನಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ. ಹೈಸ್ಪೀಡ್ ಸರ್ಕ್ಯೂಟ್ ಬ್ರೇಕರ್ ದಾಟಿದ ಕರೆಂಟ್ ಇಂಡಕ್ಟರ್, ಕೆಪಾಸಿಟರ್ ಇರುವ ಫಿಲ್ಟರಿನ ಮೂಲಕ ನೇರ ಇನ್ವರ್ಟರಿಗೆ. ಎರಡರಲ್ಲೂ ಕರೆಂಟ್ ವಾಪಸಾಗುವುದು ಆಕ್ಸಲ್ಲಿಗೆ ಒತ್ತಿ ಕೂತ ಕಾರ್ಬನ್ ಬ್ರಷ್‌ಗಳ ಮೂಲಕ ಚಕ್ರಕ್ಕೆ, ಚಕ್ರದಿಂದ ಹಳಿಗೆ. ಈ ಬ್ರಷ್ಷನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಅದು ಸವೆದು ಬಿಟ್ಟರೆ ಕರೆಂಟ್ ಬೇರಿಂಗಿನ ಮೂಲಕ ದಾರಿ ಹುಡುಕುತ್ತದೆ, ಬೇರಿಂಗಿನ ಮೈಯೆಲ್ಲ ಸಣ್ಣ ಸಣ್ಣ ಗುಳಿ. ಬೇರಿಂಗ್ ಯಾಕೆ ಪದೇ ಪದೇ ಹೋಗುತ್ತಿದೆ ಎಂದು ಗ್ರೀಸನ್ನು ದೂರುವವರಿಗೆ ಬ್ರಷ್ ಬಿಚ್ಚಿ ತೋರಿಸಬೇಕು.

ಎಸಿ, ಡಿಸಿ ವ್ಯತ್ಯಾಸ ಬ್ರೇಕರಿನ ಗಾತ್ರದಲ್ಲೇ ಕಾಣುತ್ತದೆ. 50 ಹರ್ಟ್ಜ್ ಎಸಿ ಸೆಕೆಂಡಿಗೆ 100 ಬಾರಿ ಸೊನ್ನೆ ದಾಟುತ್ತದೆ. ಸಂಪರ್ಕ ಬಿಟ್ಟಾಗ ಹೊತ್ತಿದ ಆರ್ಕ್, ಅಂದರೆ ಎರಡು ತುದಿಯ ನಡುವೆ ಉರಿಯುವ ಕಿಡಿ, ಆ ಸೊನ್ನೆಯಲ್ಲಿ ನಂದಿಹೋಗುತ್ತದೆ. ಡಿಸಿಗೆ ಸೊನ್ನೆಯೇ ಇಲ್ಲ. ಅದರ ಆರ್ಕನ್ನು ಮ್ಯಾಗ್ನೆಟ್ಟಿನ ಬಲದಿಂದ ಮೇಲಕ್ಕೆ ತಳ್ಳಿ, ಆರ್ಕ್ ಚ್ಯೂಟಿನ ತಟ್ಟೆಗಳ ನಡುವೆ ಎಳೆದು, ತುಂಡರಿಸಿ, ತಣಿಸಿಯೇ ಆರಿಸಬೇಕು. ಆದ್ದರಿಂದ ಡಿಸಿ ಬ್ರೇಕರಿನ ಚ್ಯೂಟ್ ತೆಗೆದಿಟ್ಟು "ಒಂದೇ ಒಂದು ಸಲ ಟೆಸ್ಟ್ ಮಾಡೋಣ" ಎಂದು ಸಪ್ಲೈ ಕೊಡುವುದು ಆತ್ಮಹತ್ಯೆಗೆ ಸಮ. ಹಳೆಯ ರೈಲುಗಳ ಚ್ಯೂಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ದೂಳನ್ನು ಗಾಳಿ ಹೊಡೆದು ಊದಬೇಡಿ.

ಮೂರನೇ ಹಳಿಯ ರೈಲಿಗೆ ಇನ್ನೊಂದು ಬಲೆ ಇದೆ. ಕರೆಂಟ್ ತೆಗೆದುಕೊಳ್ಳುವ ಶೂಗಳು ಕೋಚಿನ ಎರಡೂ ಬದಿ ಇರುತ್ತವೆ, ಒಳಗೆ ಒಂದಕ್ಕೊಂದು ಕೂಡಿಸಿರುತ್ತವೆ. ಒಂದು ಬದಿಯದು ಹಳಿ ಮುಟ್ಟಿದ್ದರೆ ಸಾಕು, ಇನ್ನೊಂದು ಬದಿಯಲ್ಲಿ ಗಾಳಿಯಲ್ಲಿ ನೇತಾಡುವ ಶೂನಲ್ಲೂ 750 ವೋಲ್ಟ್. ಹಳಿ ಇಲ್ಲದ ಬದಿ ಎಂದು ನಿರಾಳವಾಗಿ ಒರಗುವವರು ಇದನ್ನು ಹಾಳೆಯ ಮೇಲೆ ದೊಡ್ಡದಾಗಿ ಬರೆದುಕೊಳ್ಳಲಿ.

ಹಂತ 2: ಚಿಕ್ಕ ಕರೆಂಟ್ ದೊಡ್ಡದನ್ನು ಆಳುವ ಬಗೆ

ಮೋಟಾರ್‌ಮನ್ ಹಿಡಿಯುವ ಹ್ಯಾಂಡಲ್ಲಿನಲ್ಲಿ ಮೋಟಾರಿನ ಕರೆಂಟ್ ಹರಿಯುವುದಿಲ್ಲ. ಅವರು ಕೊಡುವುದು ಆಜ್ಞೆ ಮಾತ್ರ. ಬ್ಯಾಟರಿಯ ಸಣ್ಣ ಕರೆಂಟು, ಅನೇಕ ರೈಲುಗಳಲ್ಲಿ 110 ವೋಲ್ಟ್ ಡಿಸಿ, ಕೋಚಿನಿಂದ ಕೋಚಿಗೆ ಜಂಪರ್ ಕೇಬಲ್ಲುಗಳಲ್ಲಿ ಸಾಗುತ್ತದೆ. ಪ್ರತಿ ಮೋಟಾರ್ ಕೋಚಿನ ಕಾಂಟ್ಯಾಕ್ಟರುಗಳು (ಸಣ್ಣ ಕರೆಂಟಿನ ಆಜ್ಞೆಗೆ ಮುಚ್ಚಿ ತೆರೆಯುವ ದೊಡ್ಡ ಸ್ವಿಚ್ಚುಗಳು) ಆ ಆಜ್ಞೆಗೆ ತಮ್ಮ ತಮ್ಮ ಮೋಟಾರಿಗೆ ಸಪ್ಲೈ ಕೊಡುತ್ತವೆ. ಇದು ಫ್ರಾಂಕ್ ಸ್ಪ್ರೇಗ್ ಎಂಬ ಅಮೆರಿಕದ ಎಂಜಿನಿಯರನ ಉಪಾಯ. 1897ರಲ್ಲಿ ಷಿಕಾಗೋದ ಎತ್ತರಿಸಿದ ರೈಲುಮಾರ್ಗಕ್ಕಾಗಿ ಇದನ್ನು ಸಿದ್ಧಪಡಿಸಿ ಪರೀಕ್ಷೆ ಮಾಡುವಾಗ ತನ್ನ ಹತ್ತು ವರ್ಷದ ಮಗನ ಕೈಗೆ ಕಂಟ್ರೋಲರ್ ಕೊಟ್ಟು ರೈಲು ಓಡಿಸಿ ತೋರಿಸಿದ. ಇವತ್ತಿನ ಮೆಟ್ರೋ, ಲೋಕಲ್ ಎಲ್ಲವೂ ಆ ಹುಡುಗನ ಕೈಯಲ್ಲಿದ್ದ ತತ್ತ್ವದ ಮೇಲೇ ಓಡುತ್ತಿವೆ.

ಹಳೆಯ ರೈಲಿನಲ್ಲಿ ಆ ಆಜ್ಞೆ ಕ್ಯಾಮ್‌ಶಾಫ್ಟಿಗೆ, ಅಂದರೆ ತಿರುಗುತ್ತ ಒಂದೊಂದೇ ಕಾಂಟ್ಯಾಕ್ಟನ್ನು ಮುಚ್ಚಿ ತೆರೆಯುವ ದಂಡಕ್ಕೆ ಹೋಗುತ್ತದೆ. ನಿಂತ ಮೋಟಾರಿಗೆ ಪೂರ್ತಿ ವೋಲ್ಟೇಜ್ ಕೊಟ್ಟರೆ ಅದನ್ನು ಎದುರಿಸುವ ಮರುವೋಲ್ಟೇಜ್ ಇನ್ನೂ ಹುಟ್ಟಿರುವುದಿಲ್ಲ, ಮೋಟಾರ್ ಸುಟ್ಟುಹೋಗುತ್ತದೆ. ಅದಕ್ಕೇ ಮೊದಲು ಮೋಟಾರುಗಳನ್ನು ಸರಣಿಯಲ್ಲಿ ಜೋಡಿಸಿ, ಮಧ್ಯೆ ರೆಸಿಸ್ಟೆನ್ಸ್ ಇಟ್ಟು, ವೇಗ ಏರಿದಂತೆ ಅದನ್ನು ಒಂದೊಂದೇ ನಾಚ್ (ಮೆಟ್ಟಿಲು) ಕಳಚುತ್ತ, ನಂತರ ಸಮಾಂತರ ಜೋಡಣೆಗೆ ಹಾಕುತ್ತಾರೆ. ಹಳೆಯ ಲೋಕಲ್ ಹೊರಡುವಾಗ ಕೆಳಗಿನಿಂದ ಬರುವ ಟಕ್, ಟಕ್, ಟಕ್ ಎಂಬ ಸದ್ದು ಇದೇ. ಆ ಸದ್ದಿನ ಲಯ ತಪ್ಪಿದರೆ ಯಾವ ನಾಚಿನಲ್ಲಿ ತೊಂದರೆ ಎಂದು ಕಿವಿಯಲ್ಲೇ ಹೇಳುವ ಫಿಟ್ಟರುಗಳಿದ್ದರು.

ನಂತರ ಎಲೆಕ್ಟ್ರಾನಿಕ್ ಸ್ವಿಚ್ಚುಗಳ ಕಾಲ: ಮೊದಲು ಥೈರಿಸ್ಟರ್ ಚಾಪರ್ ಬಂತು, ಅದಾದ ಮೇಲೆ ಜಿಟಿಒ, ಈಗ ಐಜಿಬಿಟಿ ಇನ್ವರ್ಟರ್ ಮತ್ತು ಮೂರು ಫೇಸಿನ ಮೋಟಾರ್. ಜಪಾನಿನ ಕೇಕ್ಯೂ ಕಂಪನಿಯ ಕೆಲವು ರೈಲುಗಳ ಜಿಟಿಒ ಇನ್ವರ್ಟರ್ ಹೊರಡುವಾಗ ಸ್ವರಗಳನ್ನು ಏರಿಸುತ್ತ ಹಾಡುತ್ತಿತ್ತು. ಸ್ವಿಚಿಂಗಿನ ಸದ್ದನ್ನು ಹೇಗೂ ತಪ್ಪಿಸಲಾಗದು, ಕೇಳಲಾದರೂ ಹಿತವಾಗಿರಲಿ ಎಂದು ಸಂಗೀತದ ಮೆಟ್ಟಿಲಿಗೆ ಹೊಂದಿಸಿದ್ದರು. ಫಿಟ್ಟರಿಗೆ ಇದರಿಂದಾದ ಬದಲಾವಣೆ ಬೇರೆ. ಹಳೆಯದರಲ್ಲಿ ಅಪಾಯ ಕಣ್ಣಿಗೆ ಕಾಣುವ ಕಾಂಟ್ಯಾಕ್ಟಿನಲ್ಲಿತ್ತು, ಪ್ಯಾಂಟೋ ಇಳಿದರೆ ಬಹುಪಾಲು ಮುಗಿಯುತ್ತಿತ್ತು. ಹೊಸದರಲ್ಲಿ ಅಪಾಯ ಸದ್ದಿಲ್ಲದೆ ಕೆಪಾಸಿಟರಿನೊಳಗೆ ಕೂತಿರುತ್ತದೆ.

ಹಂತ 3: ಸುರಕ್ಷತಾ ಲೂಪ್ ಓದಲು ಕಲಿಯಿರಿ

ರೈಲಿನ ಸುರಕ್ಷತಾ ಸರ್ಕ್ಯೂಟುಗಳೆಲ್ಲ ಒಂದೇ ನಿಯಮದವು: ಕರೆಂಟ್ ಇದ್ದರೆ ಓಡಲು ಅನುಮತಿ, ಕರೆಂಟ್ ಹೋದರೆ ನಿಲ್ಲು. ಎಮರ್ಜೆನ್ಸಿ ಬ್ರೇಕಿನ ವಾಲ್ವಿಗೆ ಸಪ್ಲೈ ಇರುವಷ್ಟು ಹೊತ್ತು ಬ್ರೇಕ್ ಬಿಟ್ಟಿರುತ್ತದೆ. ತಂತಿ ಕಡಿದರೆ, ಫ್ಯೂಸ್ ಹೋದರೆ, ಕೋಚು ಕಳಚಿಕೊಂಡರೆ ತಾನಾಗಿ ಹಿಡಿಯುತ್ತದೆ. ಬಾಗಿಲಿನ ಲೂಪೂ ಹಾಗೆಯೇ. ಪ್ರತಿ ಬಾಗಿಲಿನ ಸ್ವಿಚ್ ಸರಣಿಯಲ್ಲಿರುತ್ತದೆ. ಎಲ್ಲ ಮುಚ್ಚಿದರೆ ಮಾತ್ರ ಕೊನೆಯ ರಿಲೇ (ಕರೆಂಟ್ ಬಂದಾಗ ಎತ್ತಿಕೊಳ್ಳುವ ಸ್ವಿಚ್) ಎತ್ತಿಕೊಂಡು ಮೋಟಾರಿಗೆ ಅನುಮತಿ ಕೊಡುತ್ತದೆ.

ಈ ಲೂಪಿನಲ್ಲಿ ದೋಷ ಹುಡುಕುವುದನ್ನು ಕೈಯಾರೆ ಮಾಡಿ ಕಲಿಯಬೇಕು. 12 ಕೋಚಿನ ರೈಲು, ಎಲ್ಲ ಬಾಗಿಲು ಮುಚ್ಚಿವೆ, ಆದರೂ ಕ್ಯಾಬಿನಲ್ಲಿ ದೀಪ ಬರುತ್ತಿಲ್ಲ. ಹೊಸಬರು ಮೊದಲ ಕೋಚಿನಿಂದ ಒಂದೊಂದೇ ಬಾಗಿಲು ನೋಡುತ್ತ ಹೊರಡುತ್ತಾರೆ. ಹಾಗೆ ಮಾಡಬೇಡಿ. ಸಪ್ಲೈ ಹೊರಡುವ ತುದಿಯಿಂದ ಎಣಿಸಿ 6 ಮತ್ತು 7ನೇ ಕೋಚಿನ ನಡುವಿನ ಟರ್ಮಿನಲ್ಲಿನಲ್ಲಿ ಮೀಟರ್ ಇಡಿ. 110 ಬಂದರೆ ಮೊದಲ ಆರು ಕೋಚು ಸರಿ, ದೋಷ ಆಚೆಗಿದೆ. ಬಾರದಿದ್ದರೆ ಈಚೆಗೆ. ಉಳಿದ ಆರರ ಮಧ್ಯಕ್ಕೆ ಹೋಗಿ, ಮತ್ತೆ ಅಳೆಯಿರಿ. ಹೆಚ್ಚೆಂದರೆ ನಾಲ್ಕು ಅಳತೆಯಲ್ಲಿ ಕೋಚು ಸಿಗುತ್ತದೆ. ಅಲ್ಲಿಂದ ಮುಂದೆ ಬಾಗಿಲನ್ನು ಕೈಯಲ್ಲಿ ಒತ್ತಿ, ಅಲುಗಿಸಿ, ಮೀಟರ್ ಮುಳ್ಳು ಎಲ್ಲಿ ತಡವರಿಸುತ್ತದೋ ನೋಡಿ. ಬಹಳ ಸಲ ಸ್ವಿಚ್ ಚೆನ್ನಾಗಿರುತ್ತದೆ. ಅದನ್ನು ಒತ್ತಬೇಕಾದ ತಗಡು ಎರಡು ಮಿಲಿಮೀಟರ್ ಬಾಗಿರುತ್ತದೆ.

ಲೂಪನ್ನು ಬದಿಗಿಟ್ಟು ರೈಲು ಓಡಿಸಲು ಬಿಡುವ ಬೈಪಾಸ್ ಸ್ವಿಚ್ಚಿನ ಸೀಲ್ ಒಡೆದರೆ ರೈಲು ಓಡುತ್ತದೆ, ಸರಿ. ಆದರೆ ಸೀಲ್ ಒಡೆದದ್ದು ದಾಖಲೆಯಲ್ಲಿ ಬರದಿದ್ದರೆ ಮುಂದಿನ ಪಾಳಿಯವರು ತೆರೆದ ಬಾಗಿಲಿನ ರೈಲು ಓಡಿಸುತ್ತಿರುತ್ತಾರೆ, ಅವರಿಗೆ ಗೊತ್ತೇ ಇರುವುದಿಲ್ಲ. ಬೈಪಾಸ್ ಮಾಡಿ ಬರೆಯದೆ ಮನೆಗೆ ಹೋದವರನ್ನು ನಾನು ಕ್ಷಮಿಸುವುದಿಲ್ಲ.

ಇನ್ನು ಅರ್ಥ್ ಫಾಲ್ಟ್. ಅನೇಕ ರೈಲುಗಳಲ್ಲಿ ಬ್ಯಾಟರಿಯ ಎರಡು ತುದಿಯನ್ನೂ ಕೋಚಿನ ಮೈಗೆ ಕೂಡಿಸದೆ ತೇಲಲು ಬಿಟ್ಟಿರುತ್ತಾರೆ. ಒಂದು ಕಡೆ ತಂತಿಯ ಸಿಪ್ಪೆ ಹೋಗಿ ಮೈಗೆ ತಗುಲಿದರೆ ಏನೂ ಆಗುವುದಿಲ್ಲ, ಎಚ್ಚರಿಕೆ ದೀಪ ಮಾತ್ರ ಹತ್ತುತ್ತದೆ. ಇದೇ ಕಾರಣಕ್ಕೆ ಎಲ್ಲರೂ ಅದನ್ನು ಮುಂದಕ್ಕೆ ಹಾಕುತ್ತಾರೆ. ಎರಡನೇ ಕಡೆ ತಗುಲಿದಾಗ ಕರೆಂಟಿಗೆ ಕೋಚಿನ ಮೈಯೇ ತಂತಿಯಾಗುತ್ತದೆ. ಎರಡರ ನಡುವಿನ ಬಾಗಿಲು ಸ್ವಿಚ್‌ಗಳನ್ನೆಲ್ಲ ದಾಟಿ ರಿಲೇ ಎತ್ತಿಕೊಳ್ಳಬಹುದು, ಬಾಗಿಲು ತೆರೆದಿದ್ದರೂ. ಪಾಸಿಟಿವ್‌ನಿಂದ ಮೈಗೆ, ನೆಗೆಟಿವ್‌ನಿಂದ ಮೈಗೆ ಅಳೆಯಿರಿ. ಎರಡೂ ಹೆಚ್ಚು ಕಡಿಮೆ ಸಮವಾಗಿದ್ದರೆ ಸರಿ. ಒಂದು ಸೊನ್ನೆಯ ಹತ್ತಿರ, ಇನ್ನೊಂದು 110 ಎಂದಿದ್ದರೆ ಸೊನ್ನೆ ತೋರಿದ ತುದಿ ಮೈಗೆ ತಗುಲಿದೆ. ಮೊದಲನೆಯದು ಸಿಕ್ಕ ದಿನವೇ ಸರಿಪಡಿಸಿ.

ಡೆಡ್‌ಮ್ಯಾನ್ ಹ್ಯಾಂಡಲ್ ಅಥವಾ ಪೆಡಲ್ ಬಗ್ಗೆ ಎಲ್ಲರಿಗೂ ಗೊತ್ತು: ಚಾಲಕ ಕೈ ಅಥವಾ ಕಾಲು ಬಿಟ್ಟರೆ ಬ್ರೇಕ್. ಅದೊಂದನ್ನೇ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನ ವಾಟರ್‌ಫಾಲ್ ಅಪಘಾತ ನೋಡಬೇಕು. 2003ರ ಜನವರಿ 31ರಂದು ನಾಲ್ಕು ಕೋಚಿನ ಟಂಗಾರಾ ಎಲೆಕ್ಟ್ರಿಕ್ ರೈಲು ತಿರುವಿನಲ್ಲಿ ಮಿತಿಮೀರಿದ ವೇಗಕ್ಕೆ ಹಳಿ ತಪ್ಪಿ ಉರುಳಿತು. ಚಾಲಕ ಸೇರಿ 7 ಜನ ಸತ್ತರು. ಚಾಲಕನಿಗೆ ಹೃದಯಾಘಾತವಾಗಿತ್ತು; ಸೀಟಿನಲ್ಲಿ ಕುಸಿದ ದೇಹದ ಕಾಲಿನ ಭಾರವೇ ಪೆಡಲನ್ನು ಬ್ರೇಕ್ ಹಿಡಿಯದ ಮಟ್ಟದಲ್ಲಿ ಒತ್ತಿ ಹಿಡಿದಿರಲು ಸಾಕಾಗಿತ್ತು. ಪೆಡಲಿನ ಜೊತೆಗೆ ವಿಜಿಲೆನ್ಸ್ ಉಪಕರಣವೂ ಇರಬೇಕು ಎನ್ನುವುದು ಇದಕ್ಕೇ. ಚಾಲಕನಿಂದ ಕೆಲ ಹೊತ್ತು ಯಾವ ಚಲನೆಯೂ ಬಾರದಿದ್ದರೆ ಅದು ದೀಪ ಹತ್ತಿಸಿ, ಸದ್ದು ಮಾಡಿ, ಉತ್ತರ ಸಿಗದಿದ್ದರೆ ಬ್ರೇಕ್ ಹಾಕುತ್ತದೆ. ಪೆಡಲ್ ಪರೀಕ್ಷಿಸುವಾಗ ಬಿಟ್ಟು ನೋಡಿದರೆ ಸಾಲದು. ಪೂರ್ತಿ ಅದುಮಿ, ಅರ್ಧಕ್ಕೆ ತಂದು, ಯಾವ ಮಟ್ಟದಲ್ಲಿ ಬ್ರೇಕ್ ಹಿಡಿಯುತ್ತದೆ ಎಂದು ಕಾಲಿನಲ್ಲೇ ಅರಿತುಕೊಳ್ಳಿ.

ಹಂತ 4: ರೈಲನ್ನು ಡೆಡ್ ಮಾಡುವುದು

ಡೆಡ್ ಎಂದರೆ ಎಲ್ಲ ಸಪ್ಲೈ ಕಡಿದ ಸ್ಥಿತಿ. ಇಲ್ಲಿ ಕ್ರಮ ತಪ್ಪಬಾರದು. ನಿಧಾನವಾಗಲಿ.

ಮೊದಲು ರೈಲು ಅಲುಗದಂತೆ ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಕ್ಕೆ ಮರದ ಅಡ್ಡೆ ಕೊಡಿ. ಕರೆಂಟಿನ ಕೆಲಸಕ್ಕೂ ಚಕ್ರಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಟೋಕಿಯೋ ಮೆಟ್ರೋದ 16000 ಸರಣಿಯಂಥ ರೈಲುಗಳಲ್ಲಿ ಶಾಶ್ವತ ಮ್ಯಾಗ್ನೆಟ್ಟಿನ ಮೋಟಾರುಗಳಿವೆ. ಅಂಥ ರೈಲನ್ನು ತಳ್ಳಿದರೂ ಎಳೆದರೂ ಮೋಟಾರ್ ಜನರೇಟರ್ ಆಗುತ್ತದೆ. ಮೇಲೆ ತಂತಿಯೇ ಇಲ್ಲದ ಷೆಡ್ಡಿನಲ್ಲೂ ಕೇಬಲ್ಲಿನಲ್ಲಿ ವೋಲ್ಟೇಜ್ ಹುಟ್ಟುತ್ತದೆ.

ಲೋಡ್ ತೆಗೆಯಿರಿ: ಕಂಪ್ರೆಸರ್, ಏರ್ ಕಂಡೀಷನರ್, ಎಲ್ಲ. ಆಮೇಲೆ ಮೇನ್ ಬ್ರೇಕರ್ ಬಿಡಿಸಿ, ಕೊನೆಗೆ ಪ್ಯಾಂಟೋ ಇಳಿಸಿ. ಈ ಕ್ರಮ ತಿರುಗಿಸಿದರೆ ಲೋಡಿನ ಕರೆಂಟನ್ನು ಪ್ಯಾಂಟೋನೇ ಕಡಿಯಬೇಕಾಗುತ್ತದೆ. ಕಾರ್ಬನ್ ಪಟ್ಟಿಗೂ ತಂತಿಗೂ ನಡುವೆ ಎಳೆಯುವ ಆರ್ಕ್ ತಂತಿಯನ್ನೇ ಸುಡಬಹುದು.

ಪ್ಯಾಂಟೋ ಇಳಿದದ್ದನ್ನು ಕಣ್ಣಿನಿಂದ ನೋಡಿ, ಹೊರಗೆ ಬಂದು, ಸ್ವಲ್ಪ ದೂರ ನಿಂತು. ರೈಲಿನಲ್ಲಿ ಎಷ್ಟು ಪ್ಯಾಂಟೋ ಇವೆಯೋ ಅಷ್ಟನ್ನೂ ಎಣಿಸಿ. ಛಾವಣಿಯ ಮೇಲೆ ಕೋಚಿನಿಂದ ಕೋಚಿಗೆ ಹೈವೋಲ್ಟೇಜ್ ಕೇಬಲ್ ಇದ್ದರೆ ಮೂರನೇ ಕೋಚಿನ ಪ್ಯಾಂಟೋ ನಿಮ್ಮ ಕೋಚಿಗೂ ಸಪ್ಲೈ ತರುತ್ತದೆ. ಮೂರನೇ ಹಳಿಯ ರೈಲಾದರೆ ಪ್ರತಿ ಶೂಗೂ ಹಳಿಗೂ ನಡುವೆ ಅವಾಹಕ ಹಲಗೆ ಸಿಕ್ಕಿಸಿ. ಒಂದು ಬಿಟ್ಟರೂ ಎಲ್ಲವನ್ನೂ ಬಿಟ್ಟಂತೆಯೇ.

ಈಗ ಹಿಂಬಾಗಿಲಿನಿಂದ ಬರುವ ಸಪ್ಲೈ. ಹಾಳೆಯ ನೀಲಿ ಗೆರೆಗಳನ್ನು ನೋಡಿ. ಪಕ್ಕದ ಯೂನಿಟ್ಟಿನ ಇನ್ವರ್ಟರಿನಿಂದ ಮೂರು ಫೇಸಿನ ಸಪ್ಲೈ ಬರುತ್ತಿರಬಹುದು. ಡಿಪೋ ಗೋಡೆಯ ಪ್ಲಗ್ಗಿನಿಂದ ರೈಲಿಗೆ ಕೇಬಲ್ ಹಾಕಿರಬಹುದು. ಬ್ಯಾಟರಿ ಅಂತೂ ಯಾವಾಗಲೂ ಜೀವಂತ. 110 ವೋಲ್ಟ್ ತಾನೇ ಎಂದು ಉದಾಸೀನ ಬೇಡ. ಕೈಯ ಉಂಗುರವೋ ಸ್ಪ್ಯಾನರೋ ಎರಡು ತುದಿಗೆ ಅಡ್ಡ ಬಿದ್ದರೆ ಲೋಹ ಕೆಂಪಗೆ ಕಾಯಲು ಕ್ಷಣ ಸಾಕು. ಉಂಗುರ, ಗಡಿಯಾರ, ಸರ ಬಿಚ್ಚಿಟ್ಟೇ ಬ್ಯಾಟರಿ ಪೆಟ್ಟಿಗೆಗೆ ಹೋಗಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು ಶೇಕಡಾ 4 ಮುಟ್ಟಿದರೆ ಕಿಡಿಗೆ ಸಿಡಿಯುತ್ತದೆ. ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ.

ಮುಂದಿನದು ಬೀಗ. ಚೆನ್ನಾಗಿ ಯೋಚಿಸಿ ಮಾಡಿದ ರೈಲುಗಳಲ್ಲಿ ಕೀಲಿಗಳ ಸರಪಳಿ ಇರುತ್ತದೆ: ಪ್ಯಾಂಟೋ ಇಳಿದರೆ ಮಾತ್ರ ಮೊದಲ ಕೀಲಿ ಹೊರಬರುತ್ತದೆ, ಆ ಕೀಲಿ ಹಾಕಿದರೆ ಮಾತ್ರ ಅರ್ಥಿಂಗ್ ಸ್ವಿಚ್ ತಿರುಗುತ್ತದೆ, ಅರ್ಥಿಂಗ್ ಆದರೆ ಮಾತ್ರ ಪೆಟ್ಟಿಗೆಯ ಕೀಲಿ ಬಿಡುಗಡೆಯಾಗುತ್ತದೆ. ಈ ಸರಪಳಿಗೆ ನಕಲಿ ಕೀಲಿ ಮಾಡಿಸಿಟ್ಟುಕೊಂಡವರು ತಾವು ಬುದ್ಧಿವಂತರೆಂದು ತಿಳಿದಿರುತ್ತಾರೆ. ಕೀಲಿ ನಿಮ್ಮ ಜೇಬಿನಲ್ಲಿರಬೇಕು, ನಿಮ್ಮ ಹೆಸರಿನ ಬೋರ್ಡ್ ಹ್ಯಾಂಡಲ್ಲಿನ ಮೇಲಿರಬೇಕು. ನಾಲ್ವರು ಕೆಲಸ ಮಾಡುತ್ತಿದ್ದರೆ ನಾಲ್ಕು ಬೀಗ. ಒಬ್ಬರ ಬೀಗ ಇನ್ನೊಬ್ಬರು ತೆಗೆಯುವಂತಿಲ್ಲ, ಊಟಕ್ಕೆ ಹೋಗಿದ್ದಾರೆಂದರೂ.

ಛಾವಣಿಗೆ ಏರಬೇಕಿದ್ದರೆ ಇಷ್ಟು ಸಾಲದು. ರೈಲು ಡೆಡ್ ಆದರೂ ತಲೆಯ ಮೇಲಿನ ತಂತಿ ಡೆಡ್ ಆಗಿಲ್ಲ. 25,000 ವೋಲ್ಟನ್ನು ಮುಟ್ಟಬೇಕಾಗಿಯೇ ಇಲ್ಲ, ಹತ್ತಿರ ಹೋದರೆ ಗಾಳಿಯನ್ನು ದಾಟಿ ಬರುತ್ತದೆ. ಜೀವಂತ ತಂತಿಯಿಂದ ಭಾರತೀಯ ರೈಲ್ವೆ 2 ಮೀಟರ್, ಬ್ರಿಟನ್ 2.75 ಮೀಟರ್ ದೂರ ಕಡ್ಡಾಯ ಮಾಡಿವೆ. ಆ ತಂತಿಯ ಸಪ್ಲೈ ಕಡಿದು, ಅರ್ಥ್ ಮಾಡಿ, ಲಿಖಿತ ಪರ್ಮಿಟ್ ಕೈಗೆ ಬಂದ ಮೇಲಷ್ಟೇ ಏಣಿ. ಪಕ್ಕದ ಮಾರ್ಗದ ತಂತಿ ಜೀವಂತವಿದ್ದರೆ ಕಡಿದ ತಂತಿಯಲ್ಲೂ ಇಂಡಕ್ಷನ್ನಿನಿಂದ ವೋಲ್ಟೇಜ್ ಹುಟ್ಟುತ್ತದೆ, ಆದ್ದರಿಂದ ಕೆಲಸದ ಜಾಗದ ಎರಡೂ ಬದಿ ಅರ್ಥ್ ಇರಲಿ.

ಹಂತ 5: ಪೆಟ್ಟಿಗೆಯ ಒಳಗೆ

ಕೆಪಾಸಿಟರಿನ ಲೆಕ್ಕ ಒಮ್ಮೆ ನೀವೇ ಮಾಡಿ ನೋಡಿ, ಆಮೇಲೆ ಯಾರೂ ಹೇಳಬೇಕಾಗಿಲ್ಲ. 5 ಮಿಲಿಫ್ಯಾರಡ್ ಕೆಪಾಸಿಟರ್ 1800 ವೋಲ್ಟಿಗೆ ಚಾರ್ಜ್ ಆಗಿದೆ ಎನ್ನೋಣ. ಕೆಪಾಸಿಟಿ ಗುಣಿಸು ವೋಲ್ಟೇಜಿನ ವರ್ಗ, ಅದರ ಅರ್ಧ: 8100 ಜೂಲ್. ಆಸ್ಪತ್ರೆಯ ಡಿಫಿಬ್ರಿಲೇಟರ್ ಒಂದು ಹೊಡೆತಕ್ಕೆ ಕೊಡುವುದು ಹೆಚ್ಚೆಂದರೆ 360. ಇದರ ಎರಡು ತುದಿಗೆ 10,000 ಓಮ್ ಡಿಸ್ಚಾರ್ಜ್ ರೆಸಿಸ್ಟರ್ ಇದ್ದರೆ, ಪ್ರತಿ 50 ಸೆಕೆಂಡಿಗೆ ವೋಲ್ಟೇಜ್ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. 60 ವೋಲ್ಟಿಗೆ ಬರಲು ಸುಮಾರು 170 ಸೆಕೆಂಡ್, ಅಂದರೆ ಮೂರು ನಿಮಿಷದ ಹತ್ತಿರ. ಎರಡು ರೆಸಿಸ್ಟರ್ ಸಮಾಂತರ ಇದ್ದು ಒಂದು ಸುಟ್ಟಿದ್ದರೆ ಕಾಯುವ ಹೊತ್ತು ಇಮ್ಮಡಿ. ಎರಡೂ ಸುಟ್ಟಿದ್ದರೆ ಕಾದು ಪ್ರಯೋಜನವೇ ಇಲ್ಲ. ಪೆಟ್ಟಿಗೆಯ ಮೇಲೆ ಬರೆದ ನಿಮಿಷಗಳು ರೆಸಿಸ್ಟರ್ ಚೆನ್ನಾಗಿದ್ದಾಗಿನ ಲೆಕ್ಕ.

ಬರೆದಷ್ಟು ಹೊತ್ತು ಕಾಯಿರಿ. ವೋಲ್ಟೇಜ್ ಡಿಟೆಕ್ಟರನ್ನು ಮೊದಲು ಜೀವಂತವೆಂದು ಗೊತ್ತಿರುವ ಕಡೆ ಮುಟ್ಟಿಸಿ, ಕೆಲಸ ಮಾಡುತ್ತಿದೆ ಎಂದು ನೋಡಿ. ಆಮೇಲೆ ಪೆಟ್ಟಿಗೆಯಲ್ಲಿ ಅಳೆಯಿರಿ: ಪಾಸಿಟಿವ್‌ನಿಂದ ನೆಗೆಟಿವ್‌ಗೆ, ಪ್ರತಿಯೊಂದರಿಂದ ಮೈಗೆ. ಮುಗಿದ ಮೇಲೆ ಮತ್ತೆ ಜೀವಂತ ಕಡೆಗೆ ಹೋಗಿ ಡಿಟೆಕ್ಟರ್ ಇನ್ನೂ ಬದುಕಿದೆಯೇ ನೋಡಿ. ಮಧ್ಯದಲ್ಲಿ ಡಿಟೆಕ್ಟರ್ ಕೆಟ್ಟಿದ್ದರೆ ಅದೂ ಸೊನ್ನೆಯನ್ನೇ ತೋರಿಸಿರುತ್ತದೆ. ಈ ಮೂರನೇ ಹೆಜ್ಜೆಯನ್ನು ಬಿಡುವವರೇ ಜಾಸ್ತಿ. ಸಾಮಾನ್ಯ ಮಲ್ಟಿಮೀಟರನ್ನು ಇಲ್ಲಿಗೆ ತರಬೇಡಿ. ಆ ವೋಲ್ಟೇಜಿಗೆಂದೇ ಮಾಡಿದ ಉಪಕರಣ ಬೇಕು.

ಈಗ ಕಡ್ಡಿ. ಅದರ ಅರ್ಥ್ ಕ್ಲಾಂಪನ್ನು ಮೊದಲು ಕೋಚಿನ ಮೈಗೆ ಬಿಗಿಯಿರಿ, ಬಣ್ಣದ ಮೇಲಲ್ಲ, ಹೊಳೆಯುವ ಲೋಹಕ್ಕೆ. ರೆಸಿಸ್ಟರ್ ಇರುವ ತುದಿಯಿಂದ ಮೊದಲು ಮುಟ್ಟಿಸಿ, ಕೆಲ ಹೊತ್ತು ಹಿಡಿಯಿರಿ, ಆಮೇಲೆ ನೇರ ಅರ್ಥ್ ಹಾಕಿ. ಕೆಲಸ ಮುಗಿಯುವವರೆಗೂ ಅದು ಅಲ್ಲೇ ಇರಲಿ. ದೊಡ್ಡ ಕೆಪಾಸಿಟರನ್ನು ಒಮ್ಮೆ ಖಾಲಿ ಮಾಡಿ ಬಿಟ್ಟರೆ ಒಳಗಿನ ಅವಾಹಕ ಹೀರಿಕೊಂಡಿದ್ದ ಚಾರ್ಜ್ ನಿಧಾನವಾಗಿ ಮೇಲೆ ಬರುತ್ತದೆ. ತೆಗೆದಿಟ್ಟ ಕೆಪಾಸಿಟರಿನ ತುದಿಗಳಿಗೂ ತಂತಿ ಸುತ್ತಿಯೇ ಗೋದಾಮಿಗೆ ಕಳಿಸುವುದು ಇದಕ್ಕೇ.

ಕಾಂಟ್ಯಾಕ್ಟರಿನ ತುದಿ, ಸಡಿಲ ಬೋಲ್ಟು, ಕಂದು ಬಣ್ಣಕ್ಕೆ ತಿರುಗಿದ ಕೇಬಲ್ ಸಿಪ್ಪೆ, ಇವು ಕಣ್ಣಿಗೆ ಸಿಗುತ್ತವೆ. ಬೋಲ್ಟನ್ನು ಟಾರ್ಕ್ ರೆಂಚಿನಿಂದ ಬಿಗಿದು ಪೇಂಟಿನಿಂದ ಗೆರೆ ಎಳೆಯಿರಿ. ಮುಂದಿನ ಸಲ ಗೆರೆ ಮುರಿದಿದ್ದರೆ ಅದು ತಿರುಗಿದೆ ಎಂದರ್ಥ. ಮೆಗ್ಗರ್ (ಹೆಚ್ಚಿನ ವೋಲ್ಟೇಜ್ ಕೊಟ್ಟು ಕೇಬಲ್ ಸಿಪ್ಪೆ ಪರೀಕ್ಷಿಸುವ ಉಪಕರಣ) ಹಾಕುವ ಮುನ್ನ ಎಲೆಕ್ಟ್ರಾನಿಕ್ ಕಾರ್ಡುಗಳ ಕನೆಕ್ಟರ್ ಬಿಡಿಸಿ, ಇಲ್ಲದಿದ್ದರೆ 1000 ವೋಲ್ಟ್ ಅವುಗಳನ್ನು ಮುಗಿಸುತ್ತದೆ. ಮೆಗ್ಗರ್ ತೆಗೆದ ಮೇಲೆ ಕೇಬಲ್ಲೇ ಚಾರ್ಜ್ ಆಗಿರುತ್ತದೆ, ಅದಕ್ಕೂ ಕಡ್ಡಿ.

ಹಂತ 6: ಮತ್ತೆ ಚಾರ್ಜ್ ಮಾಡುವುದು

ಉಪಕರಣ ಎಣಿಸಿ. ಒಳಗೆ ಒಯ್ದ ಸ್ಪ್ಯಾನರ್ ಏಳಾದರೆ ಹೊರಬಂದದ್ದೂ ಏಳು. ಮುಚ್ಚಳಗಳೆಲ್ಲ ಹಾಕಿ. ಅರ್ಥ್ ತೆಗೆಯುವಾಗ ಕ್ರಮ ತಿರುಗುಮುರುಗು: ಮೊದಲು ತಾಮ್ರದ ಕಡೆಯದು, ಕೊನೆಗೆ ಮೈಯ ಕ್ಲಾಂಪ್. ಪ್ರತಿಯೊಬ್ಬರೂ ತಮ್ಮ ಬೀಗ ತಾವೇ ತೆಗೆದ ಮೇಲೆ, ಕೂಗಿ ಹೇಳಿ, ಉತ್ತರ ಬಂದ ಮೇಲೆ ಪ್ಯಾಂಟೋ ಎತ್ತಿ. ಬ್ರೇಕರ್ ಹಾಕಿದ ಕೂಡಲೇ ಬಿದ್ದರೆ ಮತ್ತೆ ಮತ್ತೆ ಹಾಕಬೇಡಿ. ಬ್ರೇಕರ್ ಬಿದ್ದದ್ದಕ್ಕೆ ಕಾರಣ ಒಳಗಿದೆ. ಎರಡನೇ ಸಲ ಹಾಕಿದಾಗ ಆ ಕಾರಣ ದೊಡ್ಡದಾಗುತ್ತದೆ, ಮೂರನೇ ಸಲಕ್ಕೆ ಹೊಗೆ. ಮತ್ತೆ ಹಂತ 4ಕ್ಕೆ ಹಿಂತಿರುಗಿ.

ಓಡುವ ರೈಲಿನಲ್ಲಿ ಎಡವಟ್ಟಾದರೆ

ಸುಟ್ಟ ವಾಸನೆ ಅಥವಾ ಹೊಗೆ ಬಂದರೆ ರೈಲನ್ನು ಸಾಧ್ಯವಾದರೆ ಪ್ಲಾಟ್‌ಫಾರ್ಮಿಗೆ ತಂದು ನಿಲ್ಲಿಸಿ; ಸುರಂಗ, ಸೇತುವೆಯ ಮೇಲೆ ಬೇಡ. ಬ್ರೇಕರ್ ಬಿಡಿಸಿ, ಪ್ಯಾಂಟೋ ಇಳಿಸಿ, ಕಂಟ್ರೋಲ್ ರೂಮಿಗೆ ತಿಳಿಸಿ. ಕೋಚಿನೊಳಗಿನ ಬೆಂಕಿಗೆ ಕಾರ್ಬನ್ ಡೈಆಕ್ಸೈಡ್ ಅಥವಾ ಒಣಪುಡಿಯ ಸಿಲಿಂಡರ್. ಸಪ್ಲೈ ಕಡಿದು ಅರ್ಥ್ ಆಗಿದೆ ಎಂದು ಖಾತ್ರಿಯಾಗುವವರೆಗೆ ನೀರು ಹಾಕಬೇಡಿ.

ಶಾಕ್ ಹೊಡೆದವರನ್ನು ಕೈಯಿಂದ ಎಳೆಯಲು ಹೋದರೆ ಇಬ್ಬರೂ ಬೀಳುತ್ತೀರಿ. ಸಪ್ಲೈ ಮೊದಲು ತೆಗೆಯಿರಿ. ಉಸಿರಿಲ್ಲದಿದ್ದರೆ ಎದೆಯ ಮಧ್ಯಕ್ಕೆ ನಿಮಿಷಕ್ಕೆ 100ರಿಂದ 120ರ ಲಯದಲ್ಲಿ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ, ಇನ್ನೊಬ್ಬರನ್ನು ಡಿಫಿಬ್ರಿಲೇಟರಿಗೆ ಓಡಿಸಿ. ಎದ್ದು ಕೂತು "ನನಗೇನೂ ಆಗಿಲ್ಲ" ಎಂದರೂ ಆಸ್ಪತ್ರೆಗೆ ಕಳಿಸಿ. ಹೃದಯದ ಲಯ ಗಂಟೆಗಳ ನಂತರವೂ ತಪ್ಪಬಹುದು.

ಮೇಲಿನ ತಂತಿ ಕಡಿದು ಕೋಚಿನ ಮೇಲೆ ಬಿದ್ದರೆ ಒಳಗಿದ್ದವರಿಗೆ ಒಳಗೇ ಕ್ಷೇಮ. ಚಕ್ರಗಳ ಮೂಲಕ ಲೋಹದ ಕೋಚು ಹಳಿಗೆ ಕೂಡಿರುತ್ತದೆ, ಒಳಗಿನ ನೆಲ ಗೋಡೆ ಎಲ್ಲವೂ ಒಂದೇ ಮಟ್ಟದಲ್ಲಿರುತ್ತವೆ. ಒಂದು ಕಾಲು ಮೆಟ್ಟಿಲ ಮೇಲಿಟ್ಟು ಇನ್ನೊಂದನ್ನು ನೆಲಕ್ಕೆ ಇಡುವ ಆ ಗಳಿಗೆಯೇ ಅಪಾಯದ್ದು. ಸಬ್‌ಸ್ಟೇಷನ್ ಬ್ರೇಕರ್ ಬಿದ್ದು ತಂತಿ ಸುಮ್ಮನಾದಂತೆ ಕಂಡರೂ ಅಲ್ಲಿನವರು ಮತ್ತೆ ಚಾರ್ಜ್ ಮಾಡಿ ನೋಡಬಹುದು. ಅದಕ್ಕೇ ಸಪ್ಲೈ ಕಡಿದು ಅರ್ಥ್ ಮಾಡಿದ್ದೇವೆ ಎಂದು ಕಂಟ್ರೋಲಿನಿಂದ ನಿಮ್ಮ ಹೆಸರು ಹಿಡಿದು ಉತ್ತರ ಬರುವವರೆಗೆ ಬಾಗಿಲು ಮುಚ್ಚಿಟ್ಟು, ಪ್ರಯಾಣಿಕರಿಗೆ ಪ್ರತಿ ಎರಡು ನಿಮಿಷಕ್ಕೊಮ್ಮೆ ಮೈಕಿನಲ್ಲಿ ಮಾತಾಡುತ್ತಿರಿ. ಏನೂ ಹೇಳದೆ ಸುಮ್ಮನಿದ್ದರೆ ಹತ್ತು ನಿಮಿಷದೊಳಗೆ ಯಾರಾದರೊಬ್ಬರು ಎಮರ್ಜೆನ್ಸಿ ಹ್ಯಾಂಡಲ್ ಎಳೆದು ಹಳಿಗೆ ಹಾರುತ್ತಾರೆ.